ಜೈಲಿನ ಇಲಿಗೆ ಕನ್ನಡ ಹುಡುಕಿದ್ದು

ಎರಡನೆಯ ಕಂತೂ ವಾಪಸು ಬಂತು. ಪರದೆ ತುಂಬ ಕೆಂಪು ಗುರುತುಗಳು. ಇಂಗ್ಲಿಷಿನ ಒಂದು ಜೈಲು ಧಾರಾವಾಹಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಅದು. ನಾನು ಮಹಾರಾಷ್ಟ್ರದ ಮಿರಜದ ನನ್ನ ಮನೆಯಲ್ಲಿ ಕೂತು ಬರೆಯುತ್ತೇನೆ, ಬೆಂಗಳೂರಿನಲ್ಲಿ ಒಬ್ಬ ಪರಿಶೀಲಕರು ಕೂತು ತಿದ್ದುತ್ತಾರೆ. ಅವರ ಮುಖವನ್ನು ನಾನು ಈವತ್ತಿಗೂ ನೋಡಿಲ್ಲ. ಆ ಸಲ ಅವರು ಎಲ್ಲಕ್ಕಿಂತ ಮೇಲೆ ಬರೆದಿದ್ದರು: "ಮೇಡಂ, ನಿಮ್ಮ ಕೈದಿಗಳು ಹಬ್ಬಕ್ಕೆ ಬಂದ ಅಳಿಯಂದಿರ ಹಾಗೆ ಮಾತಾಡ್ತಾರೆ. ಇವರು ಕೊಲೆ ಮಾಡಿ ಒಳಗೆ ಹೋದವರು."

ಓದಿ ಮೊದಲು ನಕ್ಕೆ. ಆಮೇಲೆ ಚಹಾ ಮಾಡಿಕೊಳ್ಳಲು ಎದ್ದವಳಿಗೆ ಒಲೆಯ ಮುಂದೆ ನಿಂತಾಗ ಅಳು ಬಂತು. ಅವರು ಹೇಳಿದ್ದು ನಿಜವಾಗಿತ್ತು. ನನ್ನ ಕನ್ನಡ ಒಬ್ಬಳೇ ಒಬ್ಬಳಿಂದ ಬಂದದ್ದು. ನಮ್ಮದು ಪಕ್ಕದ ಸಾಂಗಲಿ ಪೇಟೆಯಲ್ಲಿ ಅರಿಸಿನದ ವ್ಯಾಪಾರ ಮಾಡಿಕೊಂಡು ಬಂದ ಮನೆ. ಅಂಗಡಿಯಲ್ಲಿ ಮರಾಠಿ, ಬೀದಿಯಲ್ಲಿ ಮರಾಠಿ. ಈಗ ಅಂಗಡಿ ನೋಡಿಕೊಳ್ಳುವ ನನ್ನ ತಮ್ಮನಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಕನ್ನಡ ಬದುಕಿದ್ದದ್ದು ಅಡುಗೆಮನೆಯಲ್ಲಿ, ನನ್ನ ಮತ್ತು ಅವ್ವನ ನಡುವೆ. ವಿಜಯಪುರದ ಕಡೆಯವಳಾದ ಅವ್ವ ಹಿಟ್ಟು ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿದವಳು. ಆದರೆ ಮಗಳ ಮುಂದೆ ಯಾವ ತಾಯಿ ಬೈಗುಳ ಕಲಿಸುತ್ತಾಳೆ? ತೀರಾ ಸಿಟ್ಟು ಬಂದರೆ "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಅನ್ನುತ್ತಿದ್ದಳು, ಅಂದ ಮರುಗಳಿಗೆ ಅದೇ ಬಾಯಿಗೆ ಬೆಲ್ಲ ಹಾಕುತ್ತಿದ್ದಳು. ನನಗೆ ಜಗಳಾಡಲು ಬರುವುದು ಮರಾಠಿಯಲ್ಲಿ. ಕನ್ನಡದಲ್ಲಿ ಬರುವುದು ಊಟಕ್ಕೆ ಕರೆಯುವುದು, ಜ್ವರ ನೋಡುವುದು, ಮಲಗಿಸುವುದು.

ನನ್ನ ಜೊತೆಗೇ ಇದ್ದ ಅವ್ವ ಹೋದ ವರ್ಷ ತೀರಿಕೊಂಡಳು. ಅವಳ ನಂತರ ನನ್ನ ಇಡೀ ದಿನದಲ್ಲಿ ಕನ್ನಡ ಅಂತ ಇದ್ದದ್ದು ಈ ಕೆಲಸದ ಪರದೆಯ ಮೇಲೆ ಮಾತ್ರ. ಮೂರನೆಯ ಕಂತೂ ಹೀಗೇ ವಾಪಸು ಬಂದರೆ ಉಳಿದದ್ದನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಕಂಪನಿಯವರು ಸೌಜನ್ಯದಿಂದಲೇ ತಿಳಿಸಿದ್ದರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಮರಾಠಿಯಲ್ಲಿ ಬೇಕಾದಷ್ಟಿದೆ. ಕನ್ನಡ ಹೋದರೆ ಎಲ್ಲಿಂದ ತರುವುದು ಅನ್ನುವುದೇ ನನ್ನ ಹೆದರಿಕೆಯಾಗಿತ್ತು.

ಮೂರನೆಯ ಕಂತಿನ ತುಂಬ ಒಂದೇ ಪ್ರಾಣಿ ಓಡಾಡುತ್ತಿತ್ತು. ಇಲಿ. ಇಂಗ್ಲಿಷಿನವರು ಇಲಿಯ ಹೆಸರನ್ನು ದುಡಿಸಿಕೊಂಡಷ್ಟು ನಾವು ಎತ್ತನ್ನೂ ದುಡಿಸಿಕೊಂಡಿಲ್ಲ. ಪೊಲೀಸರಿಗೆ ಸುಳಿವು ಕೊಟ್ಟವನು ರ‍್ಯಾಟ್, ಕೊಡುವ ಕೆಲಸಕ್ಕೂ ಅದೇ ಹೆಸರು. ಏನೋ ಮೋಸವಿದೆ ಅಂತ ಸಂಶಯ ಬಂದರೆ ಇಲಿಯ ವಾಸನೆ ಬಂತು ಅನ್ನುತ್ತಾರೆ. ಇಸ್ಪೀಟಿನಲ್ಲಿ ಸೋತ ಮುದಿ ಕಾವಲುಗಾರ ಎಲೆಗಳನ್ನು ಎಸೆದು "ರ‍್ಯಾಟ್ಸ್" ಅಂತಾನೆ. ಅಲ್ಲಿ ಇಲಿಯೂ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ. ಮೂರು ಹೊತ್ತೂ ಕಬ್ಬಿಣ ಎತ್ತುತ್ತ ವ್ಯಾಯಾಮದ ಕೋಣೆಯಲ್ಲೇ ಬಿದ್ದಿರುವ ಕೈದಿಯೊಬ್ಬ ಜಿಮ್ ರ‍್ಯಾಟ್, ಹಾಗೆ ಕರೆಯುವುದರಲ್ಲಿ ಅರ್ಧ ಪ್ರೀತಿಯೂ ಇದೆ. ಹಳೆಯ ಡಬ್ಬಿ, ದಾರ, ಕಾಗದ ಒಂದನ್ನೂ ಎಸೆಯದೆ ಹಾಸಿಗೆಯಡಿ ಕೂಡಿಡುವ ಇನ್ನೊಬ್ಬನೂ ಇಲಿಯೇ. ಹೊರಗಿನವರ ಸಂಬಳದ ಬೆನ್ನು ಹತ್ತಿದ ಓಟವೂ ಇಲಿಗಳ ಓಟ.

ಸಣ್ಣಪುಟ್ಟ ಇಲಿಗಳನ್ನು ಹೇಗೋ ಹಿಡಿದೆ. ಕಾವಲುಗಾರನಿಗೆ "ಹೋಯ್ತಲ್ಲಪ್ಪ" ಅಂತ ಬರೆದೆ. ಕಬ್ಬಿಣ ಎತ್ತುವವನನ್ನು "ತಾಲೀಮು ಬಿಟ್ಟು ಕದಲದವ" ಅಂದೆ. ನಮ್ಮ ಕಡೆ ಕುಸ್ತಿಯ ಗರಡಿಗೆ ತಾಲೀಮು ಅನ್ನುತ್ತಾರೆ, ಅಲ್ಲೇ ಉಂಡು ಅಲ್ಲೇ ಮಲಗುವ ಹುಡುಗರನ್ನು ನೋಡುತ್ತ ಬೆಳೆದವಳು ನಾನು. ಕೂಡಿಡುವವನಿಗೆ ಹೆಸರೇ ಕೊಡಲಿಲ್ಲ, ಅವನ ಹಾಸಿಗೆಯಡಿ ಪರದೆಯ ಮೇಲೆ ಕಾಣುತ್ತಲೇ ಇತ್ತು. ಸಿಕ್ಕಿಬಿದ್ದದ್ದು ದೊಡ್ಡ ಇಲಿಯ ಹತ್ತಿರ.

ಕಂತಿನ ಕೊನೆಯಲ್ಲಿ ಕಥಾನಾಯಕನನ್ನು ನೋಡಲು ಅವನ ತಮ್ಮ ಜೈಲಿಗೆ ಬರುತ್ತಾನೆ. ಅಣ್ಣನನ್ನು ಹಿಡಿದುಕೊಟ್ಟವನು ಆ ತಮ್ಮನೇ. ನಡುವೆ ಜಾಲರಿ. ತಮ್ಮ ಏನೇನೋ ಹೇಳಿಕೊಳ್ಳುತ್ತಾನೆ, ಅಣ್ಣ ಕೊನೆಗೆ ಒಂದೇ ಶಬ್ದ ಅಂದು ಎದ್ದು ಹೋಗುತ್ತಾನೆ. ರ‍್ಯಾಟ್. ಕೂಗಿ ಹೇಳುವುದೂ ಇಲ್ಲ.

ಇದಕ್ಕೆ ನಾನು ಏನು ಬರೆಯಲಿ? "ಇಲಿ" ಅಂದರೆ ನಮ್ಮವರಿಗೆ ಗಣಪ್ಪನ ವಾಹನ, ಇಲ್ಲವೇ ಅಂಜುಬುರುಕ. "ಹೆಗ್ಗಣ" ಅಂದರೆ ಸರಕಾರದ ದುಡ್ಡು ತಿಂದವನು. "ನಾಯಿ" ಅಂದರೆ ಯಾರಿಗಾದರೂ ಸಲ್ಲುತ್ತದೆ, ಹಾಗಾಗಿ ಯಾರಿಗೂ ನಾಟುವುದಿಲ್ಲ. "ನರಿ" ಅಂದರೆ ಜಾಣತನಕ್ಕೆ ಶಾಭಾಸ್ ಅಂದ ಹಾಗೆ. "ಚಾಡಿಕೋರ" ಶಾಲೆಯ ಮಕ್ಕಳ ಮಾತು, "ಮಾಹಿತಿದಾರ" ಪತ್ರಿಕೆಯವರ ಮಾತು. "ದ್ರೋಹಿ" ಅಂತ ಬರೆದು ನೋಡಿದೆ. ಪೌರಾಣಿಕ ನಾಟಕದ ಮಾತಾಯಿತು, ಅಣ್ಣನಿಗೆ ಕಿರೀಟ ಒಂದು ಕಡಿಮೆ ಅನ್ನಿಸಿ ಅಳಿಸಿದೆ. ಇದರ ಜೊತೆಗೆ ಸಮಯದ ಕಟ್ಟುಪಾಡು ಬೇರೆ. ಆ ಶಬ್ದ ಪರದೆಯ ಮೇಲೆ ಇರುವುದು ಎರಡು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಓದಿ ಮುಗಿಯದಷ್ಟು ಉದ್ದ ಬರೆದರೆ ಸಾಲಿನ ಪಕ್ಕದ ಅಂಕಿ ತಾನಾಗಿ ಕೆಂಪಾಗುತ್ತದೆ. ನನ್ನ ಅಂಕಿ ದಿನವಿಡೀ ಕೆಂಪಾಗಿಯೇ ಇತ್ತು.

ಬೈಗುಳ ಗೊತ್ತಿಲ್ಲದಿದ್ದರೆ ಬೈಯುವವರ ನಡುವೆ ಹೋಗಿ ಕೂರಬೇಕು ಅನ್ನಿಸಿತು. ಮಿರಜದಲ್ಲಿ ಕನ್ನಡ ಕೇಳಬೇಕೆಂದರೆ ಆಸ್ಪತ್ರೆಗಳ ಅಂಗಳಕ್ಕೆ ಹೋಗಬೇಕು. ಅಥಣಿ, ರಾಯಬಾಗ, ಜಮಖಂಡಿ ಕಡೆಯ ಮಂದಿ ರೋಗಿಗಳನ್ನು ಕರೆದುಕೊಂಡು ಬಂದು ದಿನಗಟ್ಟಲೆ ಅಲ್ಲೇ ಇರುತ್ತಾರೆ. ನನ್ನ ಮನೆಯಿಂದ ಸಿತಾರ್ ಮಾಡುವವರ ಓಣಿ ದಾಟಿದರೆ ಅಂಥ ಒಂದು ಆಸ್ಪತ್ರೆ. ಅದರ ಬೇವಿನ ಮರದ ಕೆಳಗೆ ಚಾಪೆ, ರೊಟ್ಟಿಯ ಗಂಟು, ನೀರಿನ ಕ್ಯಾನು. ಹೋಗಿ ಕಟ್ಟೆಯ ಮೇಲೆ ಕೂತೆ.

ಕೂತ ಕೂಡಲೇ ಪಕ್ಕದ ಹೆಂಗಸು ಕೇಳಿದಳು, "ನಿಮ್ಮ ಪೇಶಂಟ್ ಯಾರ್ರಿ ಅಕ್ಕಾರ?"

ಆ ಅಂಗಳದಲ್ಲಿ ಹೆಸರು ಕೇಳುವುದಿಲ್ಲ, ಊರು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ಇದನ್ನೇ. ನಾನು ಭಾಷೆ ಕಲಿಯಲು ಬಂದೆ ಅಂದರೆ ಯಾರು ನಂಬುತ್ತಾರೆ? ಲಾಡ್ಜಿನ ಏಜೆಂಟು ಅಂದುಕೊಂಡಾರು. "ನಮ್ಮವ್ವ" ಅಂದುಬಿಟ್ಟೆ. ಅವ್ವ ಕೊನೆಗೆ ಇದ್ದದ್ದು ಅದೇ ಆಸ್ಪತ್ರೆಯಲ್ಲಿ, ಅದೇ ಕಟ್ಟೆಯ ಮೇಲೆ ನಾನು ಹೋದ ವರ್ಷ ಕೂತವಳು. ಉತ್ತರ ನನ್ನನ್ನು ಕೇಳದೆ ಬಾಯಿಗೆ ಬಂತು. "ಆರಾಮ ಆಗ್ತಾರ ತಗೋರಿ" ಅಂದು ಆ ಹೆಂಗಸು ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಬೈಗುಳ ಹುಡುಕಿಕೊಂಡು ಹೋದವಳಿಗೆ ಮೊದಲ ದಿನ ಸಿಕ್ಕಿದ್ದು ಇದು.

ಮರುದಿನವೂ ಹೋದೆ. ಮರಾಠಿ ಬೋರ್ಡು ಓದಿ ಹೇಳಿದೆ, ಔಷಧಿಯ ಚೀಟಿ ಯಾವ ಕಿಟಕಿಗೆ ಅಂತ ತೋರಿಸಿದೆ. ಅಲ್ಲಿಯವರು ವೈದ್ಯರನ್ನು, ಬಸ್ಸನ್ನು, ಬಿಸಿಲನ್ನು, ಬಾರದ ಬಂಧುಗಳನ್ನು ಮನಸಾರೆ ಬೈದರು. ಕೇಳಲು ಸೊಗಸಾಗಿತ್ತು. ಆದರೆ ಹಿಡಿದುಕೊಟ್ಟ ಒಡಹುಟ್ಟಿದವನಿಗೆ ಏನನ್ನಬೇಕು ಅನ್ನುವುದು ಅದರಲ್ಲಿ ಇರಲಿಲ್ಲ.

ಬನಹಟ್ಟಿಯ ಅಣ್ಣತಮ್ಮಂದಿರು ಬಂದದ್ದು ಆಮೇಲೆ. ಅಣ್ಣನಿಗೆ ಐವತ್ತು ದಾಟಿತ್ತು, ಎಡಗಾಲಿಗೆ ದಪ್ಪ ಬ್ಯಾಂಡೇಜು. ತಮ್ಮ ಹತ್ತು ವರ್ಷ ಚಿಕ್ಕವನಿದ್ದಾನು. ಇಬ್ಬರೂ ಪವರ್‌ಲೂಮ್ ನಡೆಸುವವರು. ಮಾತಾಡುವಾಗ ಮಗ್ಗದ ಸದ್ದಿನ ಮೇಲೆ ಕೂಗುವ ಅಭ್ಯಾಸ ಇಬ್ಬರಿಗೂ ಇತ್ತು. ನಾನು ಮರಾಠಿ ಬಲ್ಲವಳು ಅಂತ ಗೊತ್ತಾಗಿ ಅಣ್ಣ ನನ್ನನ್ನು ಹತ್ತಿರ ಕರೆದ. ತಮ್ಮ ಅವನ ಮಗ್ಗುಲಿಗೇ ಕೂತಿದ್ದ, ಮೊಣಕೈ ತಾಗುವಷ್ಟು ಹತ್ತಿರ.

"ಅಕ್ಕಾರ, ಅವಗ ಹೇಳ್ರಿ, ನೀರಿನ ಬಾಟ್ಲಿ ಇತ್ತಾಗ ಸರಸು ಅಂತ."

ನಾನು ಸುತ್ತ ನೋಡಿದೆ. ಯಾರಿಗೆ?

"ಇವಗರಿ," ಅಂತ ಅಣ್ಣ ತಮ್ಮನ ಕಡೆ ನೋಡದೆ ಗದ್ದ ತಿರುಗಿಸಿದ.

ಅವರು ಮಾತು ಬಿಟ್ಟಿದ್ದರು. ಕನ್ನಡದ ಮನೆಗಳಲ್ಲಿ ಇದೇನೂ ಹೊಸತಲ್ಲ. ಅವ್ವನ ತವರಿನಲ್ಲಿ ನಮ್ಮ ಅಜ್ಜಿ ಮತ್ತು ಅವಳ ನಾದಿನಿ ವರ್ಷಗಟ್ಟಲೆ ಒಂದೇ ಒಲೆಯ ಮುಂದೆ ಕೂತು ನಮ್ಮವ್ವನ ಮುಖಾಂತರ ಉಪ್ಪು ಕೇಳಿದವರು. ನಡುವಿನವಳಿಗೆ ಕೆಲವು ನಿಯಮಗಳಿವೆ ಅಂತ ಅವ್ವ ಹೇಳುತ್ತಿದ್ದಳು. ಕೊಟ್ಟ ಮಾತನ್ನು ಕೊಟ್ಟ ಹಾಗೇ ಮುಟ್ಟಿಸಬೇಕು, ಸಿಹಿ ಸೇರಿಸಬಾರದು, ಖಾರ ತೆಗೆಯಬಾರದು. ಮುಟ್ಟಿಸಿದ ಮೇಲೆ ಉತ್ತರಕ್ಕೆ ನಿಲ್ಲಬೇಕು. ಉತ್ತರ ಬಾರದಿದ್ದರೂ ಸ್ವಲ್ಪ ನಿಲ್ಲಬೇಕು.

"ನೀರಿನ ಬಾಟ್ಲಿ ಅತ್ತಾಗ ಸರಸಬೇಕಂತ" ಎಂದು ತಮ್ಮನಿಗೆ ಹೇಳಿದೆ. ಅವನು ಅಲ್ಲಿಯವರೆಗೂ ಕೈ ಮಡಿಚಿ ಕಾದು ಆಮೇಲೆ ಬಾಟಲಿ ಸರಿಸಿದ. "ಅಣ್ಣಗ ಕೇಳ್ರಿ, ಗುಳಿಗಿ ತಗೊಂಡಾನೇನು ಅಂತ" ಅಂದ. ಒಮ್ಮೆ ನಾನು ದಾಟಿಸುವ ಮೊದಲೇ ತಮ್ಮ ಬಾಯಿ ತಪ್ಪಿ ಉತ್ತರ ಕೊಟ್ಟಾಗ ಅಣ್ಣ ನನ್ನ ಮೇಲೆ ರೇಗಿದ: "ನೀವಿನ್ನಾ ಹೇಳೇ ಇಲ್ಲಲ್ರಿ, ಅವ ಹೆಂಗ ಕೇಳಿಸ್ಕೊಂಡ?" ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಿಸಲು ಬಾರದವಳು ಕನ್ನಡದಿಂದ ಕನ್ನಡಕ್ಕೆ ದಾಟಿಸುತ್ತ ಕೂತಿದ್ದೆ. ಎಷ್ಟೋ ತಿಂಗಳ ಮೇಲೆ ನನ್ನ ಗಂಟಲಿನಿಂದ ಅಷ್ಟೊಂದು ಕನ್ನಡ ಹೊರಬಿತ್ತು. ನನಗೆ ಖುಷಿಯಾಗಿತ್ತು, ಅದನ್ನೇಕೆ ಮುಚ್ಚಿಡಲಿ.

ಕಾರಣವನ್ನು ಚಹಾದಂಗಡಿಯಲ್ಲಿ ತಮ್ಮ ಹೇಳಿದ. ಅಣ್ಣನಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯುತ್ತ ಬಂದರೂ ಮುಚ್ಚಿಟ್ಟಿದ್ದ. ಡಾಕ್ಟರು ಕಾಲು ಕಡಿದಾರು, ನಿಂತು ಮಗ್ಗ ನಡೆಸುವವನು ಆಮೇಲೆ ಏನು ಮಾಡಲಿ ಅನ್ನುವ ಭಯ. ನೋಡಿಬಿಟ್ಟ ತಮ್ಮನಿಂದ ಯಾರಿಗೂ ಹೇಳುವುದಿಲ್ಲ ಅಂತ ಆಣೆ ಹಾಕಿಸಿಕೊಂಡಿದ್ದ.

"ನಾ ಆಣಿ ಮಾಡಿದ್ನಿರಿ," ಅಂದ ತಮ್ಮ. "ಆದ್ರ ವಾಸನಿ ಬರಾಕ ಹತ್ತಿತ್ತು. ಅಣ್ಣನ ಹೇಣ್ತಿ, ನಮ್ಮ ವೈನಿ ಮುಂದ ಹೇಳಿಬಿಟ್ನಿ. ವೈನಿ ಅತ್ತು ಓಣಿ ಮಂದಿನೆಲ್ಲಾ ಕೂಡಿಸಿದ್ರು. ಮಂದಿ ಮುಂದ ಅವನ್ನ ಹೊತ್ಕೊಂಡ ಗಾಡ್ಯಾಗ ಹಾಕಬೇಕಾತು."

ನಾವು ಹಿಂದಿರುಗುವಷ್ಟರಲ್ಲಿ ಡಾಕ್ಟರು ಅಣ್ಣನನ್ನು ಒಳಗೆ ಕರೆಸಿ ನೋಡಿದ್ದರು. ಎರಡು ಬೆರಳು ತೆಗೆಯಬೇಕು, ತಡವಾದರೆ ಪಾದ ಉಳಿಯುವುದಿಲ್ಲ ಅಂದಿದ್ದರು. ಅಣ್ಣನ ಮುಖ ಬೂದಿಯಾಗಿತ್ತು. ತಮ್ಮ ತಂದ ಚಹಾದ ಲೋಟ ಅವನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, ಕೂಗುವ ಅಭ್ಯಾಸ ಬಿಟ್ಟು ಮೆಲ್ಲಗೆ ಅಂದ, "ಅವಗ ಹೇಳ್ರಿ ಅಕ್ಕಾರ. ನನಗ ತಮ್ಮ ಇಲ್ಲಂತ."

ತಮ್ಮ ಕೇಳಿಸಿಕೊಂಡಿದ್ದ, ನೆಲ ನೋಡುತ್ತಿದ್ದ. ಹೇಳದೆ ಬಿಟ್ಟರೆ ಏನಾಗುತ್ತಿತ್ತು? ಆದರೆ ಅಣ್ಣ ಕಾಯುತ್ತಿದ್ದ, ತಮ್ಮನೂ ಕಾಯುತ್ತಿದ್ದ. ಹೇಳಿದೆ. ಹೇಳಿ ಉತ್ತರಕ್ಕೆ ನಿಂತೆ.

"ಕೇಳಿದ್ನಿ ಅಂತ ಹೇಳ್ರಿ," ಅಂದ ತಮ್ಮ.

ಮನೆಗೆ ಬಂದು ಜೈಲಿನ ದೃಶ್ಯವನ್ನು ಮತ್ತೆ ಹಾಕಿದೆ. ಅಷ್ಟು ದಿನ ನಾನು ಶಬ್ದ ಕೇಳುತ್ತಿದ್ದೆ, ಅಂಕಿ ಕೆಂಪಾಗುವುದನ್ನು ನೋಡುತ್ತಿದ್ದೆ, ಮುಖವನ್ನು ನೋಡಿಯೇ ಇರಲಿಲ್ಲ. ಧ್ವನಿ ಪೂರಾ ತೆಗೆದು ನೋಡಿದೆ. ರ‍್ಯಾಟ್ ಅನ್ನುವಾಗ ಅಣ್ಣ ತಮ್ಮನ ಕಡೆ ನೋಡುತ್ತಲೇ ಇಲ್ಲ. ತಮ್ಮನ ಹೆಗಲಾಚೆ, ಬಾಗಿಲಲ್ಲಿ ನಿಂತ ಮುದಿ ಕಾವಲುಗಾರನನ್ನು ನೋಡಿ ಅನ್ನುತ್ತಾನೆ. ಆ ಇಸ್ಪೀಟಿನ ಮುದುಕ ನಡುವಿನವನಾಗಿ ಅಲ್ಲಿ ನಿಂತಿದ್ದಾನೆ. ಇಂಗ್ಲಿಷಿನ ಆ ಶಬ್ದದಲ್ಲಿ ಬರೀ ಸಿಟ್ಟಿತ್ತು. ಬೇವಿನ ಮರದ ಕೆಳಗೆ ನಾನು ದಾಟಿಸಿದ ಮಾತಿನಲ್ಲಿ ಸಿಟ್ಟಿನ ಜೊತೆಗೆ ತಮ್ಮನೂ ಇದ್ದ. ಇಲ್ಲ ಅನ್ನಲಿಕ್ಕಾದರೂ ತಮ್ಮ ಅನ್ನಲೇಬೇಕಾಗಿತ್ತು.

ಇಲಿಯನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದೆ. ಬರೆದೆ: "ಅವನಿಗೆ ಹೇಳು, ನನಗೆ ತಮ್ಮ ಇಲ್ಲ."

ಪಕ್ಕದ ಅಂಕಿ ಕೆಂಪಾಗಿ ಬೆದರಿಸಿತು. ಅಣ್ಣ ಎದ್ದು ಹೋಗುವಾಗ ಮಾತಿಲ್ಲದ ಕ್ಷಣವೊಂದಿತ್ತು; ಸಾಲನ್ನು ಅಷ್ಟರವರೆಗೆ ಎಳೆದೆ. ಅಂಕಿ ಹಸಿರಾಯಿತು. ಕೈದಿಗಳ ಉಳಿದ ಮಾತುಗಳಿಗೂ ಅಂಗಳದ ಖಾರ ಹಚ್ಚಿ ಕಂತನ್ನು ಕಳಿಸಿಬಿಟ್ಟೆ. ಈ ಸಾಲು ಒಪ್ಪಿತವಾಗದಿದ್ದರೆ ನನಗೆ ಬೇರೆ ಸಾಲು ಗೊತ್ತಿಲ್ಲ ಅಂತಲೂ ಬರೆದೆ.

ಪರಿಶೀಲಕರು ಮೊದಲ ಸಲ ಫೋನ್ ಮಾಡಿದರು. ದನಿ ನಾನು ಅಂದುಕೊಂಡಿದ್ದಕ್ಕಿಂತ ಎಳೆಯದು.

"ಮೇಡಂ, ಉಳಿದದ್ದೆಲ್ಲ ಚೆನ್ನಾಗಿ ಬಂದಿದೆ. ಆದರೆ ಮೂಲದಲ್ಲಿ ಇರೋದು ಒಂದು ಪದ. ನೀವು ಬರೆದಿರೋದು ವಾಕ್ಯ. ಇಲಿ ಎಲ್ಲಿ ಹೋಯ್ತು?"

"ಧ್ವನಿ ತೆಗೆದು ಒಮ್ಮೆ ನೋಡಿ," ಅಂದೆ. "ಅವನು ಯಾರನ್ನು ನೋಡಿ ಹೇಳ್ತಾನೆ ನೋಡಿ."

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು, ದೃಶ್ಯವನ್ನು ಮತ್ತೆ ಹಾಕಿದರು.

"ನಮ್ಮ ಮನೇಲಿ ಅಪ್ಪ, ದೊಡ್ಡಪ್ಪ ಒಬ್ಬರಿಗೊಬ್ಬರು ನನ್ನ ಕೈಲೇ ಹೇಳಿಸ್ತಿದ್ರು," ಅಂದರು ಅವರು. "ಒಂದೇ ಜಗಲಿ ಮೇಲೆ ಕೂತುಕೊಂಡು." ಆಮೇಲೆ, "ಇರಲಿ ಮೇಡಂ. ಇದು ಹೀಗೇ ಇರಲಿ. ನಾಲ್ಕನೇ ಕಂತು ಕಳಿಸ್ತೀನಿ" ಅಂದು ಇಟ್ಟರು.

ನನ್ನ ಕೆಲಸ ಉಳಿಯಿತು. ಈ ಸುದ್ದಿಯನ್ನು ಯಾರಿಗೆ ಹೇಳಲಿ ಅಂತ ಮನೆಯಲ್ಲಿ ಆಚೆ ಈಚೆ ತಿರುಗಿದೆ. ಸಾಂಗಲಿಯ ನನ್ನ ತಮ್ಮನಿಗೆ ಫೋನ್ ಹಚ್ಚಿದೆ. ಗಿರಾಕಿಗಳಿದ್ದಾರೆ, ಸಂಜೆ ಮಾಡುತ್ತೇನೆ ಅಂತ ಮರಾಠಿಯಲ್ಲಿ ಹೇಳಿದ. ಆಸ್ಪತ್ರೆಗೆ ಹೋದೆ. ನನಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ, ಆದರೂ ಹೋದೆ.

ಆಪರೇಶನ್ನಿಗೆ ಅಣ್ಣನನ್ನು ಒಳಗೆ ಒಯ್ಯುವ ಹೊತ್ತು ಅದು. ಗಾಲಿ ಮಂಚದ ಮೇಲೆ ಮಲಗಿದವನು ನನ್ನನ್ನು ಕಂಡು ಕೈ ಎತ್ತಿದ. "ಅವಗ ಹೇಳ್ರಿ, ಮುಂಜಾನಿಂದ ಉಂಡಿಲ್ಲ. ಉಂಡು ಬಾ ಅಂತ ಹೇಳ್ರಿ." ಹೇಳಿದೆ. ತಮ್ಮ ಮಂಚದ ಕಂಬಿ ಹಿಡಿದುಕೊಂಡ. ನಿಯಮದಂತೆ ನಾನು ನಿಂತೆ. ನರ್ಸ್ ಮಾತ್ರ ನಿಲ್ಲಲಿಲ್ಲ.

ಎರಡು ಬೆರಳು ಹೋದವು, ಪಾದ ಉಳಿಯಿತು. ಮುಂದೆಯೂ ಅವರು ನನ್ನ ಮುಖಾಂತರವೇ ಮಾತಾಡಿದರು. ನಡುನಡುವೆ ನನ್ನ ಅವ್ವನನ್ನು ಇಬ್ಬರೂ ವಿಚಾರಿಸುತ್ತಿದ್ದರು. "ಅವ್ವಾರು ಹೆಂಗ ಅದಾರ್ರಿ?" "ಹಂಗ ಅದಾಳ್ರಿ" ಅನ್ನುತ್ತಿದ್ದೆ. ಒಮ್ಮೆ ತಮ್ಮ ನನ್ನ ಅವ್ವನಿಗೆಂದು ಚಿಕ್ಕು ತಂದುಕೊಟ್ಟ. ನಿಜ ಹೇಳಬೇಕೆಂದು ಬಾಯಿ ತೆರೆದೆ. ನಿಮ್ಮ ಪೇಶಂಟ್ ಯಾರು ಅಂದರೆ ಯಾರೂ ಇಲ್ಲ ಅನ್ನಬೇಕಾಗುತ್ತದೆ, ಹಾಗೆ ಅಂದವಳಿಗೆ ಆ ಕಟ್ಟೆಯ ಮೇಲೆ ಜಾಗವಿಲ್ಲ ಅನ್ನಿಸಿ ಹಣ್ಣು ತೆಗೆದುಕೊಂಡೆ.

ಡಿಸ್ಚಾರ್ಜಿನ ದಿನ ಸ್ಟೇಷನ್ನಿಗೆ ಹೋದೆ. ಕುಡಚಿಯವರೆಗೆ ರೈಲು, ಅಲ್ಲಿಂದ ಬಸ್ಸು ಅಂತ ಹೊರಟಿದ್ದರು. ತಮ್ಮ, ಅಣ್ಣನನ್ನು ಹೆಗಲಿಗೆ ಆನಿಸಿಕೊಂಡು ಹತ್ತಿಸಿ ಕಿಟಕಿಗೆ ಕೂರಿಸಿದ. ರೈಲಿನಲ್ಲಿ ಇವರ ನಡುವೆ ಯಾರು ಕೂರುತ್ತಾರೆ ಅನ್ನುವ ಚಿಂತೆ ನನಗೆ. ಎದುರಿನ ಸೀಟಿನಲ್ಲಿ ಮರಾಠಿ ಮಂದಿ ಇದ್ದರು.

ಅಣ್ಣ ಕಿಟಕಿಯ ಸರಳಿಗೆ ಮುಖ ತಂದ. "ಅಕ್ಕಾರ, ಅವ್ವಾರಿಗೆ ಹೇಳ್ರಿ, ಬನಹಟ್ಟಿಯವ್ರು ಹೋಗಿ ಬರ್ತೇವಿ ಅಂದ್ರು ಅಂತ. ಲಗೂ ಎದ್ದು ಮನಿಗಿ ಬರ್ರಿ ಅಂದ್ರು ಅಂತ ಹೇಳ್ರಿ. ಮರೀಬ್ಯಾಡ್ರಿ."

"ಹೇಳ್ತೇನ್ರಿ," ಅಂದೆ.

ರೈಲು ಕದಲಿತು. ಅಣ್ಣ ಒಳಗೆ ಆಚೆ ಈಚೆ ನೋಡಿದ, ಯಾರನ್ನೋ ಹುಡುಕುವವನ ಹಾಗೆ. ಆಮೇಲೆ ತಮ್ಮನ ಕಡೆ ಪೂರಾ ತಿರುಗಿ ಏನೋ ಅಂದ. ತಮ್ಮ ತಲೆಯೆತ್ತಿದ. ಏನಂದನೋ ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಸಂತೋಷವಾಯಿತು, ಅದರ ಬೆನ್ನಿಗೇ ನಾನು ಯಾರಿಗೂ ಬೇಡವಾದೆ ಅಂತಲೂ ಅನ್ನಿಸಿತು.

ಮನೆಗೆ ಬಂದು ಚಪ್ಪಲಿ ಬಿಟ್ಟೆ. ನಾಲ್ಕನೆಯ ಕಂತು ಬಂದಿರುವ ಸೂಚನೆ ಪರದೆಯ ಮೇಲಿತ್ತು. ಅದನ್ನು ತೆರೆಯದೆ ಅಡುಗೆಮನೆಗೆ ಹೋಗಿ ಅವ್ವ ಕೂರುತ್ತಿದ್ದ ಮಣೆಯ ಮುಂದೆ ನಿಂತೆ. ಕೊಟ್ಟ ಮಾತನ್ನು ಕೊಟ್ಟ ಹಾಗೇ ಮುಟ್ಟಿಸಬೇಕಲ್ಲ.

"ಅವ್ವಾ, ಬನಹಟ್ಟಿಯವ್ರು ಹೋಗಿ ಬರ್ತೇವಿ ಅಂದ್ರು. ಲಗೂ ಎದ್ದು ಮನಿಗಿ ಬರ್ರಿ ಅಂದ್ರು."

ಹೇಳಿ, ಉತ್ತರಕ್ಕೆ ನಿಂತೆ.